ವಾಪಸ್ ಬಂದ ದಿನ, ನಮೂದಾದ ದಿನ

ನಮ್ಮ ಲೈಬ್ರರಿಯ ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಕೆಲಸದಲ್ಲಿ ಈ ವರ್ಷ ನಾನೂ ಇದ್ದೇನೆ. ಇದಕ್ಕೆ ನಾವು ಬಳಸುತ್ತಿರುವುದು ಜಾಂಗೋ ಎಂಬ ವೆಬ್ ಫ್ರೇಮ್‌ವರ್ಕ್. ಅಮೆರಿಕದ ಕಾನ್ಸಾಸ್‌ನ ಒಂದು ಪತ್ರಿಕಾ ಕಚೇರಿಯಲ್ಲಿ ಹುಟ್ಟಿದ ಇದು 2005ರಲ್ಲಿ ಎಲ್ಲರಿಗೂ ಉಚಿತವಾಗಿ ಸಿಕ್ಕಿತು. ಪೈಥಾನ್‌ನಲ್ಲಿ ಬರೆದಿರುವುದರಿಂದ ನಮ್ಮ ಕಂಪ್ಯೂಟರ್ ಸೈನ್ಸ್ ವಿದ್ಯಾರ್ಥಿಗಳಿಗೆ ಓದಲು ಕಷ್ಟವಿಲ್ಲ.

ಜಾಂಗೋದಲ್ಲಿ ಡೇಟಾಬೇಸ್‌ನ ಒಂದು ಟೇಬಲ್‌ಗೆ ಯಾವ ಯಾವ ಫೀಲ್ಡ್‌ಗಳಿರಬೇಕು ಎಂದು ಬರೆದಿಡುವ ಜಾಗವೇ ಮಾಡೆಲ್. ಸಮಯದ ಫೀಲ್ಡ್‌ಗೆ ಅಲ್ಲಿ ಎರಡು ಸೌಲಭ್ಯಗಳಿವೆ. ‘ಆಟೋ ನೌ ಆ್ಯಡ್’ ಎಂದು ಕೊಟ್ಟರೆ ಸಾಲು ಮೊದಲ ಸಲ ಸೇವ್ ಆದ ಕ್ಷಣ ತಾನಾಗಿಯೇ ದಾಖಲಾಗುತ್ತದೆ. ‘ಆಟೋ ನೌ’ ಎಂದು ಕೊಟ್ಟರೆ ಪ್ರತಿ ಸಲ ಸೇವ್ ಮಾಡಿದಾಗಲೂ ಹೊಸ ಸಮಯ ಬಂದು ಕೂರುತ್ತದೆ. ಯಾರೂ ಟೈಪ್ ಮಾಡಬೇಕಿಲ್ಲ, ಮರೆಯುವ ಪ್ರಶ್ನೆಯೂ ಇಲ್ಲ.

ಹಾಗಾದರೆ ಪುಸ್ತಕ ವಾಪಸ್ ಬಂದ ದಿನಕ್ಕೂ ಇದನ್ನೇ ಇಟ್ಟರಾಯಿತಲ್ಲ ಎಂದು ನಿಮಗೆ ಅನ್ನಿಸಬಹುದು. ಒಂದು ಶನಿವಾರ ಕರೆಂಟ್ ಇಲ್ಲ ಎಂದುಕೊಳ್ಳಿ. ಒಬ್ಬ ಹುಡುಗಿ ಕೊನೆಯ ದಿನವೇ ಪುಸ್ತಕ ತಂದುಕೊಟ್ಟಳು. ಲೈಬ್ರೇರಿಯನ್ ಚೀಟಿಯಲ್ಲಿ ಬರೆದಿಟ್ಟು ಸೋಮವಾರ ಟೈಪ್ ಮಾಡಿದರು. ಕಂಪ್ಯೂಟರಿಗೆ ಗೊತ್ತಿರುವುದು ಸೋಮವಾರ ಮಾತ್ರ. ಅವಳ ಹೆಸರಿನ ಮುಂದೆ ಎರಡು ದಿನದ ದಂಡ ಬೀಳುತ್ತದೆ. ಹಣ ಸಣ್ಣದಿರಬಹುದು, ಆದರೆ ಹೊತ್ತಿಗೆ ಸರಿಯಾಗಿ ಕೊಟ್ಟವಳು ತಡ ಮಾಡಿದವಳಾಗಿಬಿಟ್ಟಳು!

ಸಮಯವನ್ನು ಕೈಯಿಂದ ತಿದ್ದೋಣ ಎಂದರೆ ‘ಆಟೋ ನೌ ಆ್ಯಡ್’ ಇರುವ ಫೀಲ್ಡ್ ಅಡ್ಮಿನ್ ಫಾರಂನಲ್ಲಿ ತಿದ್ದಲು ಸಿಗುವುದೇ ಇಲ್ಲ. ಹೊಸ ಸಾಲು ಸೇರಿಸುವಾಗ ಕೋಡ್‌ನಲ್ಲಿ ಶನಿವಾರದ ದಿನಾಂಕ ಕೊಟ್ಟರೂ ಜಾಂಗೋ ಅದನ್ನು ಅಳಿಸಿ ಈಗಿನ ಸಮಯವನ್ನೇ ಹಾಕುತ್ತದೆ. ಆದ್ದರಿಂದ ವಾಪಸಾತಿಯ ಟೇಬಲ್‌ನಲ್ಲಿ ನಾವು ಎರಡು ಫೀಲ್ಡ್‌ಗಳನ್ನು ಇಟ್ಟೆವು. ‘ನಮೂದಾದ ಸಮಯ’ಕ್ಕೆ ಆಟೋ ನೌ ಆ್ಯಡ್, ‘ವಾಪಸ್ ಬಂದ ಸಮಯ’ಕ್ಕೆ ಬರೀ ಒಂದು ಡಿಫಾಲ್ಟ್. ಡಿಫಾಲ್ಟ್ ಎಂದರೆ ಯಾರೂ ಏನೂ ಬರೆಯದಿದ್ದರೆ ಈಗಿನ ಸಮಯ, ಬರೆದರೆ ಬರೆದದ್ದು. ದಂಡದ ಲೆಕ್ಕ ಎರಡನೆಯದರಿಂದ ಮಾತ್ರ. ಡಿಫಾಲ್ಟ್ ಕೊಡುವಾಗ ‘ಟೈಮ್‌ಜೋನ್ ಡಾಟ್ ನೌ’ ಎಂದು ಫಂಕ್ಷನ್‌ನ ಹೆಸರನ್ನಷ್ಟೇ ಬರೆಯಬೇಕು. ಮುಂದೆ ಆವರಣ ಚಿಹ್ನೆ ಹಾಕಿದರೆ ಅದು ಸರ್ವರ್ ಶುರುವಾದಾಗ ಒಮ್ಮೆ ಮಾತ್ರ ನಡೆದು, ಆಮೇಲಿನ ಎಲ್ಲ ಸಾಲುಗಳಿಗೂ ಆ ಒಂದೇ ಸಮಯ ಅಂಟಿಕೊಳ್ಳುತ್ತದೆ.

ಗೆಳೆಯನ ದಂಡ ತಪ್ಪಿಸಲು ಹಿಂದಿನ ದಿನಾಂಕ ಹಾಕಿದರೆ? ಹಾಕಬಹುದು. ಆದರೆ ನಮೂದಾದ ಸಮಯ ಪಕ್ಕದಲ್ಲೇ ಇರುವುದರಿಂದ ಎರಡರ ಅಂತರ ಎದ್ದು ಕಾಣುತ್ತದೆ, ಕೇಳುವವರು ಕೇಳಬಹುದು. ಸಾಲವನ್ನು ಅವಧಿಯ ಸಮೇತ ಬರೆದಿಡಬೇಕೆಂದು ಅಲ್ ಬಕರ ಅಧ್ಯಾಯದ 282ನೇ ಆಯತ್ ಹೇಳುತ್ತದೆ. ಲೈಬ್ರರಿ ಪುಸ್ತಕವೂ ಅವಧಿಗೆ ಪಡೆದದ್ದೇ ಅಲ್ಲವೇ ಎಂದು ನನಗೆ ತೋರಿತು. ಇನ್ನು ‘ಕೊನೆಯ ತಿದ್ದುಪಡಿ’ ಎಂಬ ಆಟೋ ನೌ ಫೀಲ್ಡ್ ಒಂದಿದೆ. ಅದನ್ನು ಕಣ್ಣುಮುಚ್ಚಿ ನಂಬುವಂತಿಲ್ಲ. ಹಲವು ಸಾಲುಗಳನ್ನು ‘ಅಪ್‌ಡೇಟ್’ ಎಂಬ ಒಂದೇ ಆದೇಶದಿಂದ ಬದಲಿಸಿದರೆ ಸೇವ್ ನಡೆಯುವುದೇ ಇಲ್ಲ, ಹಾಗಾಗಿ ಆ ಸಮಯವೂ ಬದಲಾಗುವುದಿಲ್ಲ.

ಇದೇ ಕ್ರಮವನ್ನು ಹಾಸ್ಟೆಲ್ ಹಾಜರಿಗೂ ತರಬೇಕೆಂದಿದ್ದೇವೆ. ಅಲ್ಲಿ ಇನ್ನೊಂದು ತೊಡಕಿದೆ. ಜಾಂಗೋ ಡೇಟಾಬೇಸ್‌ನಲ್ಲಿ ಸಮಯವನ್ನು ಯುಟಿಸಿ ಲೆಕ್ಕದಲ್ಲಿ ಇಡುತ್ತದೆ. ಅದು ನಮಗಿಂತ ಐದೂವರೆ ಗಂಟೆ ಹಿಂದೆ. ರಮಝಾನ್‌ನಲ್ಲಿ ಸಹರಿಗೆಂದು ಎದ್ದವರ ಹಾಜರಿಯನ್ನು ಬೆಳಗಿನ ಜಾವ 4.30ಕ್ಕೆ ಹಾಕಿದರೆ, ಯುಟಿಸಿಯಲ್ಲಿ ಅದು ಹಿಂದಿನ ದಿನದ ರಾತ್ರಿ 11 ಗಂಟೆ. ಅಲ್ಲಿಂದ ನೇರವಾಗಿ ದಿನಾಂಕ ತೆಗೆದರೆ ಇಡೀ ಹಾಸ್ಟೆಲ್ ಹಿಂದಿನ ದಿನ ಸಹರಿ ಮಾಡಿದಂತಾಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ‘ಏಷ್ಯಾ ಕೋಲ್ಕತಾ’ ಎಂದು ಕೊಟ್ಟು, ದಿನಾಂಕಕ್ಕೆ ‘ಲೋಕಲ್ ಡೇಟ್’ ಫಂಕ್ಷನ್ ಬಳಸಿದರೆ ಸರಿಯಾದ ದಿನ ಸಿಗುತ್ತದೆ. ಮಗ್ರಿಬ್‌ಗೆ ದಿನ ಬದಲಾಗುವ ಹಿಜರಿ ಲೆಕ್ಕ ಮಾತ್ರ ಜಾಂಗೋಗೆ ತಿಳಿಯದು. ಬೇಕಿದ್ದರೆ ಅದಕ್ಕೆ ಬೇರೆಯೇ ಫೀಲ್ಡ್ ಇಟ್ಟು ನಾವೇ ಬರೆಯಬೇಕು.