ಜೌಗುನೆಲದ ಪ್ರಾಚೀನ ಶವಗಳು: ಒಂದು ಪ್ರಮಾಣವಿಚಾರ

ಡೆನ್ಮಾರ್ಕು, ಜರ್ಮನಿ, ಹಾಲೆಂಡು, ಇಂಗ್ಲೆಂಡು, ಐರ್ಲೆಂಡು ಮೊದಲಾದ ಉತ್ತರ ಯೂರೋಪಿನ ದೇಶಗಳ ಜೌಗುನೆಲಗಳಲ್ಲಿ, ಪೀಟ್ ಎಂಬ ಸಸ್ಯಜನ್ಯವಾದ ಕರಿಯ ಮಣ್ಣನ್ನು ಉರುವಲಿಗಾಗಿ ಅಗೆಯುವವರಿಗೆ ಆಗಾಗ ಮನುಷ್ಯಶವಗಳು ದೊರೆಯುತ್ತ ಬಂದಿವೆ. ಇವುಗಳಲ್ಲಿ ಅನೇಕವು ಎರಡು ಸಾವಿರ ವರ್ಷಗಳಿಗಿಂತಲೂ ಹಿಂದಿನವು. ಆದರೂ ಚರ್ಮ, ಕೂದಲು, ಉಗುರು, ಕೆಲವೆಡೆ ಜಠರದೊಳಗಿನ ಅನ್ನವೂ ಕೆಡದೆ ಉಳಿದಿವೆ. ಈ ಜನರು ತಮ್ಮ ವಿಷಯವಾಗಿ ಒಂದಕ್ಷರವನ್ನೂ ಬರೆದಿಟ್ಟವರಲ್ಲ. ಅವರನ್ನು ಕುರಿತು ಬರೆದವರು ಪರದೇಶೀಯರು. ಹೀಗಿರುವಲ್ಲಿ ಗ್ರಂಥದ ಮಾತಿಗೂ ಕಣ್ಣೆದುರಿನ ದೇಹಕ್ಕೂ ಸಂಬಂಧವನ್ನು ಹೇಗೆ ನಿರ್ಣಯಿಸಬೇಕೆಂಬುದೇ ಇಲ್ಲಿ ಮುಖ್ಯವಾದ ಪ್ರಶ್ನೆ.

೧. ಕೆಡದಿರುವುದಕ್ಕೆ ಕಾರಣ

ಈ ಜೌಗುಗಳು ಮಳೆಯ ನೀರಿನಿಂದಲೇ ಬೆಳೆದವು. ಅಲ್ಲಿ ಸ್ಫ್ಯಾಗ್ನಮ್ ಎಂಬ ಹಾವಸೆಯು ಪದರಪದರವಾಗಿ ಬೆಳೆದು, ಸತ್ತು, ಪೂರ್ತಿಯಾಗಿ ಕೊಳೆಯದೆ ಶೇಖರವಾಗುತ್ತದೆ. ನೀರು ಆಮ್ಲಗುಣವುಳ್ಳದ್ದು, ತಣ್ಣನೆಯದು, ಆಳದಲ್ಲಿ ಪ್ರಾಣವಾಯುವಿಲ್ಲ. ಆದುದರಿಂದ ಕೊಳೆಯಿಸುವ ಕ್ರಿಮಿಗಳಿಗೆ ಅಲ್ಲಿ ಎಡೆಯಿಲ್ಲ. ಇದಲ್ಲದೆ ಹಾವಸೆಯಿಂದ ಸ್ಫ್ಯಾಗ್ನಾನ್ ಎಂಬ ಶರ್ಕರಾವರ್ಗದ ದ್ರವ್ಯವು ಹೊರಬಂದು ಚರ್ಮದೊಡನೆ ಕೂಡಿ ಅದನ್ನು ಹದಮಾಡುತ್ತದೆ. ನಮ್ಮಲ್ಲಿ ತಂಗಡಿಯ ತೊಗಟೆಯಿಂದ ತೊಗಲನ್ನು ಹದಮಾಡುವುದುಂಟಷ್ಟೆ. ದ್ರವ್ಯವು ಬೇರೆಯಾದರೂ ಫಲವು ಅದಕ್ಕೆ ಸದೃಶವಾದುದು. ಚರ್ಮವು ಕಂದುಬಣ್ಣಕ್ಕೂ ಕೂದಲು ಕೆಂಪುಬಣ್ಣಕ್ಕೂ ತಿರುಗುವುದು ಇದರಿಂದಲೇ.

ಇದೇ ಆಮ್ಲವು ಎಲುಬಿನಲ್ಲಿರುವ ಸುಣ್ಣವನ್ನು ಕರಗಿಸುತ್ತದೆ. ಆದುದರಿಂದ ಕೆಲವು ದೇಹಗಳಲ್ಲಿ ಚರ್ಮವು ಗಟ್ಟಿಯಾಗಿದ್ದು ಎಲುಬು ಮೃದುವಾಗಿರುವುದು. ಸುಣ್ಣದ ಅಂಶವುಳ್ಳ ಜೌಗುಗಳಲ್ಲಿಯಾದರೋ ಇದಕ್ಕೆ ವಿಪರೀತವಾಗಿ ಎಲುಬು ಉಳಿದು ಮಾಂಸವು ನಾಶವಾಗುತ್ತದೆ. ಬಟ್ಟೆಗಳಲ್ಲಿಯೂ ಭೇದವುಂಟು: ಉಣ್ಣೆ ಉಳಿಯುವುದು, ನಾರುಬಟ್ಟೆ ಕರಗಿಹೋಗುವುದು. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು. ಶವವು ಬತ್ತಲೆಯಾಗಿ ಸಿಕ್ಕಿತೆಂದ ಮಾತ್ರಕ್ಕೆ ಅದನ್ನು ಬತ್ತಲೆಯಾಗಿಯೇ ಹಾಕಿದರೆಂದು ಹೇಳಲಾಗದು.

೨. ಪ್ರತ್ಯಕ್ಷವಾಗಿ ಕಾಣುವುದು

೧೯೫೦ನೆಯ ಇಸವಿ ಮೇ ತಿಂಗಳಲ್ಲಿ ಡೆನ್ಮಾರ್ಕಿನ ಸಿಲ್ಕೆಬೋರ್ಗ್ ಪಟ್ಟಣದ ಬಳಿ ಒಂದು ಶವವು ದೊರೆಯಿತು. ಕಂಡವರು ಈಚಿನ ಕೊಲೆಯೆಂದೇ ಬಗೆದು ಪೋಲೀಸಿನವರಿಗೆ ತಿಳಿಸಿದರು. ಟೋಲುಂಡ್ ಮನುಷ್ಯನೆಂದು ಪ್ರಸಿದ್ಧನಾದ ಇವನ ಕಾಲವು ಕ್ರಿ. ಪೂ. ೪೦೫ರಿಂದ ೩೮೦ರ ನಡುವಿನದೆಂದು ಇಂಗಾಲ-೧೪ರ ಗಣನೆಯಿಂದ ಗೊತ್ತಾಗಿದೆ. ತಲೆಯ ಮೇಲೆ ಚರ್ಮದ ಟೋಪಿ, ನಡುವಿನಲ್ಲಿ ಪಟ್ಟಿ, ಕೊರಳಲ್ಲಿ ಹೆಣೆದ ತೊಗಲಿನ ಹಗ್ಗ. ಕಣ್ಣುಗಳೂ ಬಾಯಿಯೂ ಮುಚ್ಚಿವೆ. ಮಲಗಿ ನಿದ್ರಿಸುವವನಂತೆ ದೇಹವನ್ನು ಇರಿಸಿದ್ದರು. ಕೊನೆಯ ಊಟವು ಬಾರ್ಲಿ, ಅಗಸೆಬೀಜ ಮತ್ತು ಕಳೆಗಿಡಗಳ ಬೀಜಗಳ ಅಂಬಲಿ. ೨೦೨೧ರಲ್ಲಿ ಪ್ರಕಟವಾದ ಪುನಃಪರೀಕ್ಷೆಯಲ್ಲಿ ಮೀನಿನ ಅಂಶವೂ ಕಂಡುಬಂದಿದೆ. ೧೯೫೨ರಲ್ಲಿ ಅದೇ ದೇಶದ ಗ್ರೌಬಾಲೆಯಲ್ಲಿ ದೊರೆತ ಮತ್ತೊಬ್ಬನ ಕೊರಳನ್ನು ಕೊಯ್ದಿದ್ದರು. ಅವನ ಬೆರಳಗುರುತುಗಳು ಇಂದಿಗೂ ಸ್ಪಷ್ಟವಾಗಿವೆ.

೩. ಗ್ರಂಥಾಧಾರ

ರೋಮಿನ ಟಾಸಿಟಸನು ಕ್ರಿ. ಶ. ೯೮ರಲ್ಲಿ ಬರೆದ ಜರ್ಮಾನಿಯ ಎಂಬ ಗ್ರಂಥದಲ್ಲಿ ಈ ವಿಷಯಕ್ಕೆ ಸಂಬಂಧಿಸಿದ ಮೂರು ಮಾತುಗಳಿವೆ. ದ್ರೋಹಿಗಳನ್ನು ಮರಕ್ಕೆ ನೇತುಹಾಕುವರು, ಹೇಡಿಗಳನ್ನೂ ದೇಹದಿಂದ ದುಷ್ಕೃತ್ಯವೆಸಗಿದವರನ್ನೂ ಕೆಸರಿನಲ್ಲಿ ಮುಳುಗಿಸಿ ಮೇಲೆ ತಟ್ಟಿಯನ್ನು ಹಾಕುವರು ಎಂಬುದು ಒಂದು. ವ್ಯಭಿಚಾರಿಣಿಯ ಕೂದಲನ್ನು ಕತ್ತರಿಸಿ ಊರೊಳಗೆಲ್ಲ ಹೊಡೆದಟ್ಟುವರು ಎಂಬುದು ಎರಡನೆಯದು. ನೆರ್ಥುಸ್ ಎಂಬ ದೇವಿಯ ರಥವನ್ನು ತೊಳೆದ ದಾಸರನ್ನು ಸರೋವರದಲ್ಲಿ ಮುಳುಗಿಸುವರು ಎಂಬುದು ಮೂರನೆಯದು. ಮೊದಲೆರಡು ದಂಡನೆ, ಕಡೆಯದು ದೇವತಾಕಾರ್ಯ. ಒಂದೇ ಗ್ರಂಥವು ಎರಡು ಪಕ್ಷಗಳಿಗೂ ಆಧಾರವಾಗಬಲ್ಲುದಾದುದರಿಂದ, ಕೇವಲ ಗ್ರಂಥದಿಂದ ನಿರ್ಣಯವು ಸಾಧ್ಯವಿಲ್ಲ.

೪. ಮೂರು ದೋಷಗಳು

ಜರ್ಮನಿಯ ವಿಂಡೆಬಿಯಲ್ಲಿ ೧೯೫೨ರಲ್ಲಿ ದೊರೆತ ಎಳೆಯ ದೇಹವೊಂದನ್ನು ಹದಿನಾಲ್ಕು ವರ್ಷದ ಹುಡುಗಿಯದೆಂದು ತಿಳಿದರು. ತಲೆಯ ಒಂದು ಪಾರ್ಶ್ವದಲ್ಲಿ ಕೂದಲು ಕುರುಚಲಾಗಿತ್ತು. ಕಣ್ಣಿನ ಮೇಲೆ ಬಟ್ಟೆಯ ಪಟ್ಟಿಯಿತ್ತು. ಸಮೀಪದಲ್ಲಿಯೇ ಪುರುಷನೊಬ್ಬನ ದೇಹವೂ ಸಿಕ್ಕಿತು. ಇಷ್ಟರಿಂದ ಇವಳು ವ್ಯಭಿಚಾರಿಣಿ, ಅವನು ಜಾರ, ಇದು ಟಾಸಿಟಸನು ಹೇಳಿದ ದಂಡನೆ ಎಂಬ ಕಥೆಯು ಪ್ರಚಾರಕ್ಕೆ ಬಂದಿತು. ಈಚಿನ ಪರೀಕ್ಷೆಯಿಂದ ಅದು ಸುಮಾರು ಹದಿನಾರು ವರ್ಷದ ಹುಡುಗನದೆಂದು ತಿಳಿದಿದೆ. ಆ ಪುರುಷನಾದರೋ ಇವನಿಗಿಂತ ಸುಮಾರು ಮುನ್ನೂರು ವರ್ಷ ಹಿಂದಿನವನು. ಸ್ತ್ರೀತ್ವವೇ ಇಲ್ಲದ ಪಕ್ಷದಲ್ಲಿ ವ್ಯಭಿಚಾರಿಣಿಯ ಲಕ್ಷಣವನ್ನು ಹೇತುವಾಗಿ ಹೇಳಿದುದರಿಂದ ಇದು ಸ್ವರೂಪಾಸಿದ್ಧ. ಕೂದಲಿನ ನಾಶವಾದರೂ ಅಗೆತದಿಂದಲೋ ಅಸಮವಾದ ಕೊಳೆತದಿಂದಲೋ ಆಗಿರಬಹುದು. ಪಟ್ಟಿಯು ತಲೆಗೆ ಕಟ್ಟಿದ್ದು ಜಾರಿರಬಹುದು. ಆದುದರಿಂದ ಅವು ಅನ್ಯಥಾಸಿದ್ಧ.

ಎರಡನೆಯದು ಡೆನ್ಮಾರ್ಕಿನ ಹಾರಾಲ್ಡ್‌ಸ್ಕೇರ್ ಸ್ತ್ರೀಯ ವಿಷಯ. ೧೮೩೫ರಲ್ಲಿ ದೊರೆತ ಈ ದೇಹವನ್ನು, ಜೌಗಿನಲ್ಲಿ ಮುಳುಗಿಸಲ್ಪಟ್ಟಳೆಂದು ಐತಿಹ್ಯವುಳ್ಳ ಹತ್ತನೆಯ ಶತಮಾನದ ಗುನ್‌ಹಿಲ್ಡ್ ರಾಣಿಯದೆಂದು ತಿಳಿದು, ರಾಜಾಜ್ಞೆಯಿಂದ ಕೆತ್ತನೆಯ ಪೆಟ್ಟಿಗೆಯಲ್ಲಿರಿಸಿದರು. ವೋರ್ಸೋ ಎಂಬ ವಿದ್ವಾಂಸನು ಆಗಲೇ ಇದನ್ನು ಆಕ್ಷೇಪಿಸಿದನು. ೧೯೭೭ರ ಕಾಲಗಣನೆಯಿಂದ ದೇಹವು ಕ್ರಿ. ಪೂ. ಐದನೆಯ ಶತಮಾನದ್ದೆಂದು ತಿಳಿದು, ರಾಣಿಯೆಂಬ ಅನುಮಾನವು ಬಾಧಿತವಾಯಿತು.

ಮೂರನೆಯದು ವಿಚಿತ್ರವಾದುದು. ೧೯೮೩ರಲ್ಲಿ ಇಂಗ್ಲೆಂಡಿನ ಲಿಂಡೋ ಜೌಗಿನಲ್ಲಿ ಸ್ತ್ರೀಯ ತಲೆಬುರುಡೆಯು ಸಿಕ್ಕಿದಾಗ, ಅದು ತಾನು ಕೊಂದ ಹೆಂಡತಿಯದೆಂದು ನಂಬಿದ ಒಬ್ಬನು ತಪ್ಪನ್ನೊಪ್ಪಿಕೊಂಡು ಶಿಕ್ಷೆಗೆ ಗುರಿಯಾದನು. ಬುರುಡೆಯೋ ಸಾವಿರದ ಏಳುನೂರು ವರ್ಷಕ್ಕೂ ಹಿಂದಿನದು! ಪಂಚದಶಿಯ ಧ್ಯಾನದೀಪಪ್ರಕರಣದಲ್ಲಿ ಮಣಿಯ ಪ್ರಭೆಯನ್ನೇ ಮಣಿಯೆಂದು ಓಡಿದವನಿಗೆ ಮಣಿಯು ದೊರೆಯಿತೆಂದು ಸಂವಾದಿಭ್ರಮಕ್ಕೆ ನಿದರ್ಶನವನ್ನು ಕೊಟ್ಟಿದೆ. ಇದು ಅದರಂತೆಯೇ, ಫಲವು ನಿಜವಾದರೂ ಜ್ಞಾನವು ಭ್ರಮೆಯೇ ಸರಿ.

೫. ಉಪಸಂಹಾರ

ಹಾಗಾದರೆ ಟಾಸಿಟಸನ ಗ್ರಂಥವು ನಿರರ್ಥಕವೆ? ಅಲ್ಲ. ಆ ನಾಡಿನಲ್ಲಿ ಇಂಥ ಆಚಾರಗಳಿದ್ದುವೆಂದು ರೋಮಿನವರು ಕೇಳಿದ್ದರೆಂಬುದಕ್ಕೆ ಅದು ಪ್ರಮಾಣ. ಆದರೆ ಟೋಲುಂಡ್ ಮನುಷ್ಯನು ಆ ಗ್ರಂಥಕ್ಕಿಂತ ಸುಮಾರು ಐದು ನೂರು ವರ್ಷ ಹಿಂದಿನವನು. ಅಲ್ಲದೆ ನೇಣನ್ನೂ ಕೆಸರನ್ನೂ ಟಾಸಿಟಸನು ಬೇರೆಬೇರೆ ಅಪರಾಧಗಳಿಗೆ ಹೇಳಿದ್ದಾನೆ. ಇವನಲ್ಲಿ ಎರಡೂ ಕೂಡಿವೆ. ನೇಣಿನಿಂದ ಸತ್ತನೆಂಬುದು ದೇಹದಿಂದಲೇ ಸಿದ್ಧ. ಕಣ್ಣುಬಾಯಿಗಳನ್ನು ಮುಚ್ಚಿ ಆದರದಿಂದ ಮಲಗಿಸಿರುವುದರಿಂದ ಬಲಿಯಾಗಿರಬೇಕೆಂಬುದು ಬಹುಮಂದಿ ವಿದ್ವಾಂಸರ ಮತ, ಯುಕ್ತವಾಗಿಯೂ ತೋರುತ್ತದೆ. ಆದರೆ ಅದು ಅನುಮಾನವೇ ಹೊರತು ಪ್ರತ್ಯಕ್ಷವಲ್ಲ. ವಿಂಡೆಬಿಯ ಬಾಲಕನು ಅರ್ಧ ಶತಮಾನದವರೆಗೆ ತಾನು ಮಾಡದ, ಮಾಡಲು ಸಾಧ್ಯವೂ ಇಲ್ಲದ ಅಪರಾಧದ ಹೆಸರನ್ನು ಹೊತ್ತಿದ್ದನು. ಮಾತನಾಡಲಾರದವರ ವಿಷಯದಲ್ಲಿ ಹೇತುವನ್ನು ಶೋಧಿಸದೆ ಸಾಧ್ಯವನ್ನು ಹೇಳುವುದು ಶಾಸ್ತ್ರದೋಷವಷ್ಟೇ ಅಲ್ಲ, ಅನ್ಯಾಯವೂ ಆಗುತ್ತದೆಂಬುದನ್ನು ಪ್ರಾಚೀನಶೋಧಕರು ಮರೆಯಬಾರದು.