ಎಂಜಿನ್ ಆಯಿಲ್‌ಗೆ ಕೂಲೆಂಟ್ ಸೇರಿದರೆ: ಹಾನಿ ಮತ್ತು ಪರಿಹಾರ

ಹುಣಸೂರು, ಪಿರಿಯಾಪಟ್ಟಣ ಹಾಗೂ ಹೆಗ್ಗಡದೇವನಕೋಟೆ ತಾಲ್ಲೂಕುಗಳ ಕೆಂಪು ಮಣ್ಣಿನ ಖುಷ್ಕಿ ಜಮೀನುಗಳಲ್ಲಿ ಹೊಗೆಸೊಪ್ಪಿನ ಬೇಸಾಯಕ್ಕೆ ಏಪ್ರಿಲ್-ಮೇ ತಿಂಗಳ ಮಳೆಯ ಹದದಲ್ಲಿಯೇ ಉಳುಮೆ ಮುಗಿಯಬೇಕು. ಕೃಷ್ಣರಾಜನಗರದ ನಾಲಾ ಬಯಲಿನಲ್ಲಿ ಭತ್ತದ ಗದ್ದೆಯನ್ನು ಕೆಸರು ಮಾಡುವುದಕ್ಕೂ ದಿನಗಳ ಲೆಕ್ಕವಿದೆ. ಇಂತಹ ಸಮಯದಲ್ಲಿ ಟ್ರ್ಯಾಕ್ಟರ್ ಕೆಟ್ಟು ನಿಂತರೆ ಹದ ಕಾಯುವುದಿಲ್ಲ. ಎಂಜಿನ್ನನ್ನು ತಂಪಾಗಿಡುವ ದ್ರವವೇ ಎಂಜಿನ್ ಆಯಿಲ್‌ಗೆ ಸೇರುವುದು ಹೀಗೆ ಕೆಡಲು ಒಂದು ಕಾರಣ.

ಸೋರಿಕೆ ಹೇಗೆ?

ಶುದ್ಧ ನೀರಿಗೆ ಎಥಿಲೀನ್ ಗ್ಲೈಕಾಲ್ ಮತ್ತು ತುಕ್ಕು ತಡೆಯುವ ರಾಸಾಯನಿಕಗಳನ್ನು ಬೆರೆಸಿದ ದ್ರವವೇ ಕೂಲೆಂಟ್. ಇದು ಸಿಲಿಂಡರ್ ಸುತ್ತ ಹರಿದು ಶಾಖವನ್ನು ರೇಡಿಯೇಟರ್‌ಗೆ ಒಯ್ಯುತ್ತದೆ. ಇದರ ಬದಲು ಕೊಳವೆ ಬಾವಿಯ ಗಡಸು ನೀರನ್ನು ತುಂಬುತ್ತಿದ್ದರೆ ಸುಣ್ಣದ ಅಂಶ ಒಳಗೆ ಪದರವಾಗಿ ಕಟ್ಟಿ, ಎಂಜಿನ್ ಮಿತಿಮೀರಿ ಕಾಯುತ್ತದೆ. ಆಗ ಹೆಡ್ ಗ್ಯಾಸ್ಕೆಟ್ ಸುಡಬಹುದು, ಹೆಡ್ ಬಿರುಕು ಬಿಡಬಹುದು ಅಥವಾ ಸಿಲಿಂಡರ್ ಲೈನರ್‌ನ ರಬ್ಬರ್ ಉಂಗುರಗಳು ಗಡುಸಾಗಿ ಸೋರಬಹುದು.

ಗುರುತಿಸುವ ಬಗೆ

1. ಅಳತೆ ಕಡ್ಡಿಯಲ್ಲಿ ಆಯಿಲ್ ಮಟ್ಟ ತಾನಾಗಿ ಏರಿರುತ್ತದೆ. ಆಯಿಲ್ ಹಾಲು ಬೆರೆತ ಕಾಫಿಯಂತೆ ಕಾಣುತ್ತದೆ.

2. ಹೊರಗೆಲ್ಲೂ ಸೋರದಿದ್ದರೂ ರೇಡಿಯೇಟರ್‌ನಲ್ಲಿ ನೀರು ಕಡಿಮೆಯಾಗುತ್ತದೆ.

3. ಎಂಜಿನ್ ಕಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ.

ಸಂಶಯವಿದ್ದಲ್ಲಿ, ಕಾದ ಹಳೆಯ ಹಂಚಿನ ಮೇಲೆ ಒಂದು ಹನಿ ಆಯಿಲ್ ಬಿಟ್ಟು ದೂರದಿಂದ ನೋಡಬೇಕು. ಚಟಪಟ ಸಿಡಿದರೆ ನೀರು ಸೇರಿದೆಯೆಂದು ತಿಳಿಯಬೇಕು.

ಹಾನಿ

ನೀರು ಬೆರೆತ ಆಯಿಲ್ ಸರಿಯಾಗಿ ಜಾರುವುದಿಲ್ಲ. ಗ್ಲೈಕಾಲ್ ಬಿಸಿಗೆ ಆಮ್ಲವಾಗಿ ಮಾರ್ಪಟ್ಟು ಬೇರಿಂಗ್‌ಗಳನ್ನು ತಿನ್ನುತ್ತದೆ. ಆಯಿಲ್‌ನೊಂದಿಗೆ ರಾಡಿಯಾಗಿ ಫಿಲ್ಟರನ್ನು ಕಟ್ಟಿಹಾಕುತ್ತದೆ. ಉಳಿದ ಒಂದೆರಡು ಎಕರೆ ಉತ್ತೇಬಿಡೋಣವೆಂದು ಓಡಿಸಿದರೆ ಗ್ಯಾಸ್ಕೆಟ್ ಖರ್ಚಿನಲ್ಲಿ ಮುಗಿಯುವ ಕೆಲಸ ಇಡೀ ಎಂಜಿನ್ ಬಿಚ್ಚುವವರೆಗೆ ಹೋಗುತ್ತದೆ.

ಪರಿಹಾರ

ಎಂಜಿನ್ನನ್ನು ಕೂಡಲೇ ನಿಲ್ಲಿಸಬೇಕು. ಮತ್ತೆ ಸ್ಟಾರ್ಟ್ ಮಾಡಬಾರದು. ಸಿಲಿಂಡರ್‌ನಲ್ಲಿ ನೀರು ನಿಂತಿದ್ದರೆ ಕನೆಕ್ಟಿಂಗ್ ರಾಡ್ ಬಾಗಬಹುದು. ಮೆಕ್ಯಾನಿಕ್‌ನಿಂದ ಮೊದಲು ಸೋರಿಕೆ ಸರಿಪಡಿಸಿ, ಬೇರಿಂಗ್‌ಗಳನ್ನು ಪರೀಕ್ಷಿಸಿ, ಕೆಟ್ಟ ಆಯಿಲ್ ಬಸಿದು ಫಿಲ್ಟರ್ ಬದಲಿಸಬೇಕು. ಅದೇ ದರ್ಜೆಯ ಆಯಿಲ್ ತುಂಬಿ, ಹೊರೆಯಿಲ್ಲದೆ ಕೆಲವು ನಿಮಿಷ ಓಡಿಸಿ, ಬಿಸಿಯಿರುವಾಗಲೇ ಬಸಿಯಬೇಕು. ತಿಳಿಯಾಗುವವರೆಗೆ ಹೀಗೆ ತೊಳೆದು, ಕೊನೆಗೆ ಹೊಸ ಆಯಿಲ್ ಮತ್ತು ಹೊಸ ಫಿಲ್ಟರ್ ಹಾಕಬೇಕು. ಸವೆದ ಬೇರಿಂಗ್ ಮಾತ್ರ ತೊಳೆದರೆ ಸರಿಹೋಗದು, ಬದಲಿಸಲೇಬೇಕು.

ಇಂಧನ ಕೋಶದಲ್ಲಿಯೂ ಇದೇ ನಿಯಮ

ಹೈಡ್ರೋಜನ್ ಮತ್ತು ಗಾಳಿಯ ಆಮ್ಲಜನಕದಿಂದ ವಿದ್ಯುತ್ ಉತ್ಪಾದಿಸುವ ಇಂಧನ ಕೋಶಕ್ಕೂ ಕೂಲೆಂಟ್ ಬೇಕು. ಇಂಧನ ಕೋಶದ ಟ್ರ್ಯಾಕ್ಟರೊಂದನ್ನು ಅಮೆರಿಕದ ಆಲಿಸ್-ಚಾಮರ್ಸ್ ಕಂಪನಿ 1959ರಲ್ಲಿಯೇ ಓಡಿಸಿ ತೋರಿಸಿತ್ತು. ಇಂದಿನ ವಾಹನಗಳ ಕೋಶದಲ್ಲಿ ಗ್ಲೈಕಾಲ್ ಸೋರಿ ಪ್ಲಾಟಿನಂ ಪದರಕ್ಕೆ ಅಂಟಿದರೆ ವಿದ್ಯುತ್ ಕುಗ್ಗುತ್ತದೆ. ಬೇಗನೆ ಶುದ್ಧ ನೀರಿನಿಂದ ತೊಳೆದರೆ ಹೆಚ್ಚಿನಂಶ ಮರಳುತ್ತದೆ. ಆದರೆ ಪೊರೆಯೊಳಗೆ ಸೇರಿದ ಲವಣಗಳು ಬರಿಯ ನೀರಿಗೆ ಬಿಡುವುದಿಲ್ಲ.

ಎಚ್ಚರಿಕೆ

ಬಸಿದ ಕೂಲೆಂಟ್ ಸಿಹಿಯಾಗಿದ್ದರೂ ವಿಷ. ದನಕರುಗಳು, ನಾಯಿಗಳು ಕುಡಿಯುವಂತೆ ತೆರೆದಿಡಬಾರದು. ಚರಂಡಿಗೆ, ಕೆರೆಗೆ ಸುರಿಯಬಾರದು. ಉಳುಮೆಯ ದಿನಗಳಲ್ಲಿ ಪ್ರತಿ ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ, ಅಳತೆ ಕಡ್ಡಿಯನ್ನೂ ರೇಡಿಯೇಟರನ್ನೂ ನೋಡುವ ರೂಢಿಯಿದ್ದರೆ ಹದವೂ ತಪ್ಪದು, ಎಂಜಿನ್ನೂ ಉಳಿಯುವುದು.