ಹಲ್ಲಿನ ಸಿಮೆಂಟು ಒಡೆದರೆ

ಹಲ್ಲಿಗೆ ತುಂಬಿಸಿದ ಸಿಮೆಂಟಿನ ಅಂಚು ಒಡೆದರೆ ಎಲ್ಲವನ್ನೂ ತೆಗೆಸಿ ಹೊಸತು ಹಾಕಿಸಬೇಕೆಂದು ನಾವು ತಿಳಿದಿದ್ದೇವೆ. ಒಂದು ಹಂಚು ಒಡೆದರೆ ಇಡೀ ಮಾಡು ಬಿಚ್ಚುತ್ತೇವೆಯೇ? ಹಳೆಯದನ್ನು ಪೂರ್ತಿ ಕೊರೆದು ತೆಗೆಯುವಾಗ ಸುತ್ತಲಿನ ಗಟ್ಟಿ ಹಲ್ಲೂ ಒಂದಿಷ್ಟು ಹೋಗುತ್ತದೆ. ಅದು ಮತ್ತೆ ಬೆಳೆಯದು. ಪ್ರತಿ ಸಲವೂ ಗುಂಡಿ ದೊಡ್ಡದಾಗಿ ನರದ ಹತ್ತಿರ ಬರುತ್ತದೆ. ಆಮೇಲೆ ರೂಟ್ ಕೆನಾಲ್, ಇಲ್ಲವೇ ಹಲ್ಲು ಕೀಳಿಸುವುದು.

ಉಳಿದ ಭಾಗ ಭದ್ರವಾಗಿದ್ದರೆ ಕೆಟ್ಟಷ್ಟನ್ನೇ ತೆಗೆದು ತೇಪೆ ಹಾಕಬಹುದು. 2019ರಲ್ಲಿ ದಂತವೈದ್ಯರ ಜಾಗತಿಕ ಒಕ್ಕೂಟವೂ ಈ ಕ್ರಮವನ್ನು ಒಪ್ಪಿತು. ಅಡಿಯಲ್ಲಿ ಹುಳುಕು ಹರಡಿದ್ದರೆ, ಸಿಮೆಂಟು ಅಲುಗುತ್ತಿದ್ದರೆ ಪೂರ್ತಿ ತೆಗೆಯಲೇಬೇಕು.

ಅಡಿಕೆ ಕೊಯ್ಲು ಮುಗಿಯಲೆಂದು ಕಾಯಬೇಡಿ (ಅಷ್ಟರವರೆಗೆ ಗೋಟು ಅಡಿಕೆ ಜಗಿಯುವುದೂ ಬೇಡ). ಕುರ್ಚಿಯಲ್ಲಿ ಕೂತಾಗ ಡಾಕ್ಟರರನ್ನು ಕೇಳಿ: "ಇದಕ್ಕೆ ತೇಪೆ ಸಾಕಾಗದೇ?"